ಉಳಿದ ತಿರುಪು

ಎಷ್ಟು ಬಿಚ್ಚಿಲ್ಲ ಈ ಕೈ!
ಕೌಲ್‌ಬಜಾರಿನ ಓಣಿಯಲ್ಲಿ ಜೀನ್ಸು ಹೊಲಿಯುವವರ ಮೆಷಿನ್ನು
ದಾರ ತಿಂದರೆ, ಸೂಜಿ ಮುರಿದರೆ, ಹಲ್ಲು ಸವೆದರೆ
ಹೊನ್ನೂರಸಾಬನ್ನ ಕರೀರಿ ಅಂತಾರೆ.
ಕಿವಿಗೊಟ್ಟರೆ ಸಾಕು,
ನರಳುತ್ತಿರುವುದು ಬೆಲ್ಟೋ ಬಾಬಿನ್ನೋ
ಗೋಡೆಯಾಚೆಯಿಂದಲೇ ಹೇಳುತ್ತೇನೆ.

ಹಾಗಾಗಿ ಆ ರಾತ್ರಿ
ತಸ್ಲೀಮಾಳ ಲ್ಯಾಪ್‌ಟಾಪು
ಹದ್ದಿನ ಎಡರೆಕ್ಕೆ ಮುಗಿದು ಬಲರೆಕ್ಕೆ ಶುರುವಾಗುವಾಗ
(ಪ್ಯಾಂಟಿನ ಹಿಂಜೇಬಿಗೆ ಕಸೂತಿ, ಶುಕ್ರವಾರದೊಳಗೆ ನಲವತ್ತು ಜೇಬು)
ಗರಗರ ಅಂದು ಕಾವೇರಿ ಕಪ್ಪಾದಾಗ
ಅವಳು ಅಂದಳು, ‘ವಾರಂಟಿ ಇನ್ನೂ ನಾಕು ತಿಂಗಳೈತೆ ಅಬ್ಬಾ, ಸೆಂಟರಿಗೆ ಒಯ್ತೀನಿ.’
ನಾನು ಅಂದೆ, ‘ಒಂದು ಫ್ಯಾನಿಗೆ ಸೆಂಟರಾ?’

ಕರೆಂಟು ಹೋಗಿತ್ತು. ಮೊಬೈಲಿನ ಬೆಳಕು.
ಬಾಬಿನ್ ಡಬ್ಬಿಯ ಮುಚ್ಚಳದಲ್ಲಿ ಹನ್ನೊಂದು ತಿರುಪು, ಎಳ್ಳಿನಷ್ಟು ಎಳ್ಳಿನಷ್ಟು.
ಒಂದರ ಮೇಲೆ ಬಿಳಿ ಚೀಟಿ ಅಂಟಿತ್ತು,
ಬೆಲೆಚೀಟಿ ಇರಬೇಕೆಂದು ಉಗುರಿನಲ್ಲಿ ಕೆರೆದೆ.

ತೆರೆದರೆ, ಒಳಗೂ ನಮ್ಮದೇ ಮನೆ.
ರೆಕ್ಕೆಗಳಿಗೆಲ್ಲ ಸುತ್ತಿಕೊಂಡ ಡೆನಿಮ್ಮಿನ ನೀಲಿ ಜುಂಗು,
ಅದರ ಮೇಲೆ ಅದಿರಿನ ಕೆಂಪು, ಕುಂಕುಮದ ಹಾಗೆ.
ಹಳೆಯ ಟೂತ್‌ಬ್ರಶ್ಶಿನಲ್ಲಿ ಬಾಚಿ ಬಾಚಿ ತೆಗೆದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ.

ತಿರುಗುವುದಕ್ಕೆಲ್ಲ ಎಣ್ಣೆ ಬೇಕೆಂದು ಕಲಿತ ಕೈ ಇದು.
ಮೂರೇ ಹನಿ ಬಿಟ್ಟೆ.
ಮುಚ್ಚಿದೆ. ಗುಂಡಿ ಒತ್ತಿದೆ. ದೀಪ ಬಂತು,
ನನ್ನ ಮುಖ ನೋಡಿತು, ಹೋಯಿತು.
ಡಬ್ಬಿಯಲ್ಲಿ ಒಂದು ತಿರುಪು ಉಳಿದಿತ್ತು.

ಗಾಂಧಿನಗರದ ಗಾಜಿನ ಬಾಗಿಲು. ಒಳಗೆ ಚಳಿ. ಟೋಕನ್ ಹದಿನೇಳು.
ಕೌಂಟರಿನಲ್ಲಿ ಎರ್ರಿಸ್ವಾಮಿ ಅಂತ ಹುಡುಗ,
ಮೀಸೆ ಈಗಷ್ಟೇ ಗಟ್ಟಿಯಾಗಿದೆ.
ಬೋರಲು ಹಾಕಿದ. ತಿರುಪಿನ ಬಾಯಿಗಳನ್ನು ಒಂದೊಂದಾಗಿ ನೋಡಿದ.
ಆಮೇಲೆ ಬಗ್ಗಿ ಮೂಸಿದ.
‘ಹೊಲಿಗೆ ಮೆಷಿನ್ನಿನ ಎಣ್ಣೆ,’ ಅಂದ. ‘ಯಾರು ಬಿಚ್ಚಿದ್ದು?’

ಅದು ನನ್ನ ಮಾತು!
ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವವನು ನಾನು.
‘ಯಾರೂ ಇಲ್ಲಣ್ಣ, ತಾನೇ ಕೆಟ್ಟಿತು’ ಅಂತಾರೆ.
‘ತಾನೇ ಬಿಚ್ಕೊಂತಾ?’ ಅಂತೀನಿ ತಲೆಯೆತ್ತದೆ,
ಬಿಲ್ಲಿಗೆ ಐವತ್ತು ಸೇರಿಸುತ್ತೀನಿ.

ತಾನೇ ಕೆಟ್ಟಿತು, ನಾಲಗೆಯ ತುದಿಯಲ್ಲೇ ಇತ್ತು.
ತಸ್ಲೀಮಾ ಪಕ್ಕದಲ್ಲಿ ನಿಂತು
ಗೋಡೆಯ ಕ್ಯಾಲೆಂಡರು ಓದುತ್ತಿದ್ದಳು, ಪೂರ್ತಿ ವರ್ಷ.
‘ನಾನೇ,’ ಅಂದೆ.

ಇಂಗ್ಲೀಷಿನಲ್ಲಿ ಬರೆದುಕೊಂಡ. ಓದಿ ಹೇಳಪ್ಪ ಅಂದೆ.
ಗ್ರಾಹಕರೇ ತೆರೆದಿದ್ದಾರೆ. ಒಳಗೆ ದ್ರವ ಸೇರಿದೆ. ವಾರಂಟಿ ಅನ್ವಯಿಸುವುದಿಲ್ಲ.
ದ್ರವ! ಮೂರು ಹನಿಗೆ ಎಷ್ಟು ದೊಡ್ಡ ಹೆಸರು.
ಬೋರ್ಡು ಹೈದರಾಬಾದಿನಿಂದ ಬರಬೇಕು, ಹನ್ನೆರಡು ದಿನ,
ಒಂಬತ್ತು ಸಾವಿರದ ಆರುನೂರು.
ಸಹಿ ಮಾಡಿಸಿಕೊಂಡು, ದನಿ ಇಳಿಸಿ ಅಂದ,
‘ಬ್ರಶ್ ಮಾಡಿದ್ದು ಚಲೋ ಮಾಡೀರಿ ಸಾಬ್,
ಎಣ್ಣೆ ಬಿಡೋದೊಂದು ಬಿಟ್ಟಿದ್ರೆ...’
ಆಮೇಲೆ, ‘ಒಂದು ತಿರುಪು ಕಮ್ಮಿ ಐತೆ. ಇರಲಿ, ಹೊಸದು ಹಾಕ್ತೀವಿ.’

ಜೇಬಿನ ಚಿಲ್ಲರೆಯಲ್ಲಿ ಅದು ಬೆರಳಿಗೆ ತಾಕುತ್ತಲೇ ಇತ್ತು.
ಅದನ್ನು ಮಾತ್ರ ಹೇಳಲಿಲ್ಲ. ಯಾಕೋ.

ಬಲರೆಕ್ಕೆಯನ್ನು ತಸ್ಲೀಮಾ ಸುಣ್ಣದ ಕಡ್ಡಿಯಲ್ಲಿ ಬರೆದಳು,
ಹಳೇ ಜಿಗ್‌ಜಾಗ್ ಮೆಷಿನ್ನಿನಲ್ಲಿ ನಾನು ಓಡಿಸಿದೆ.
ನಲವತ್ತು ಹದ್ದು, ಎಲ್ಲಕ್ಕೂ ಬಲಗಡೆ ಸ್ವಲ್ಪ ಊದಿದೆ.
ಸೇಟು ಎಣಿಸಿಕೊಂಡ, ನೋಡಲಿಲ್ಲ.

ತಿರುಪು ಈಗ ಸೂಜಿಗಳ ಜೊತೆ ಇದೆ.
ನನ್ನ ಯಾವ ಮೆಷಿನ್ನಿಗೂ ಕೂಡುವುದಿಲ್ಲ.
ನಿನ್ನೆ ಹುಲಿಗೆಮ್ಮ ಬಂದಳು,
ಒಳಗೆ ಹೇರ್‌ಪಿನ್ನು ತುರುಕಿ ತಿವಿದಿದ್ದಾಳೆ, ಕಾಣುತ್ತಿದೆ.
‘ತಾನೇ ಕೆಟ್ಟಿತಣ್ಣ.’
‘ಹೂಂ, ಕೆಡ್ತಾವೆ,’ ಅಂದೆ.
ಐವತ್ತು ಮಾತ್ರ ಬಿಡಲಿಲ್ಲ.