ಹದಿನೇಳನೆಯ ಸೀಸೆ

ಬೈಕಲ್ ಸರೋವರದ ಮೇಲೆ ಮಂಜುಗಡ್ಡೆ ಒಂದು ಮೀಟರು ದಪ್ಪ.
ತೂತು ಕೊರೆದು ಬಲೆ ಇಳಿಬಿಟ್ಟವನು ಗೆನ್ನಾದಿ,
ಮೇಲೆ ಬಂದದ್ದನ್ನು ಎಣಿಸಿದವಳು ನಾನು,
ಸೂಜಿಮೊನೆಯಲ್ಲಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ,
ಒಂದು ಸೀಸೆಗೆ ಮುನ್ನೂರು ಎಪಿಶೂರ.
ಇನ್ನೂರ ಹನ್ನೊಂದಕ್ಕೆ ಸೀನು ಬಂತು.
ಮತ್ತೆ ಒಂದರಿಂದ.

ಎಳ್ಳಿಗಿಂತ ಸಣ್ಣ ಜೀವ, ಗಾಜಿನ ಮೈ,
ಒಳಗೆ ಎಣ್ಣೆಯದೊಂದು ಹನಿ, ಚಳಿಗಾಲಕ್ಕೆ ಕಟ್ಟಿಕೊಂಡ ಬುತ್ತಿ.
ಕ್ಲೋರೋಫಾರ್ಮಿನಲ್ಲಿ ಅರೆದು, ಸೋಸಿ,
ಸಾರಜನಕದ ಸಣ್ಣ ಉಸಿರಿನಡಿ ಒಣಗಿಸಿದ ಮೇಲೆ
ಮುನ್ನೂರು ಬಾಳುವೆ
ಸೀಸೆಯ ತಳದಲ್ಲಿ ಒಂದು ಮಸುಕು ಜಿಡ್ಡು.

ಯಂತ್ರದ ಒಲೆಯಲ್ಲಿ ಸುರುಳಿ ಸುತ್ತಿದ ಅರವತ್ತು ಮೀಟರಿನ ನಾಳ,
ಹೊಲಿಗೆ ದಾರದಷ್ಟು ಸಪೂರ.
ಹಗುರಾದವರು ಮೊದಲು ದಾಟುತ್ತಾರೆ.
ಬೆನ್ನು ಐದು ಕಡೆ ಬಾಗಿದವರು
ಗೋಡೆ ಸವರುತ್ತ ಸವರುತ್ತ ಕಡೆಗೆ.
ನಲವತ್ತೆಂಟು ನಿಮಿಷ.
ಎಣ್ಣೆ ಬಂದಾಗ ಕಣ್ಣು ಮುಚ್ಚುವ ಹಾಗಿಲ್ಲ ಇಲ್ಲಿ.

ತೆರೆಯ ಮೇಲೆ ಗುಡ್ಡ, ಬಯಲು, ಗುಡ್ಡ.
ಹದಿನಾರು ಇಂಗಾಲದ ಸರ, ಬಾಲದಿಂದ ಏಳನೆಯ ಕಡೆ ಒಂದು ಜೋಡಿಗಂಟು:
ಅದು ಡಯಾಟಮ್ಮಿನ ಗುರುತು.
ಹಿಮದಡಿಯ ಹಸಿರು ಬೆಳಕಲ್ಲಿ ಮೇದದ್ದು ಮೈಗೆ ಹತ್ತಿದೆ.
ಬಾಯಿ ಸುಳ್ಳಾಡೀತು,
ಉಂಡದ್ದು ಆಡುವುದಿಲ್ಲ.

ಹದಿನೇಳನೆಯ ಸೀಸೆಯಲ್ಲಿ ಮಾತ್ರ
ಆ ಗುಡ್ಡದ ಎಡಕ್ಕೆ, ಆತುಕೊಂಡಂತೆ, ಒಂದು ಪುಟ್ಟ ದಿಬ್ಬ.
ಹೊಸ ಪಾಚಿಯೆ? ಯಾರೂ ಕಾಣದ ಮೇವೆ?
ಎರಡು ರಾತ್ರಿ ಪಟ್ಟಿಗಳನ್ನೆಲ್ಲ ತಿರುವಿದೆ,
ಪ್ರಬಂಧದ ತಲೆಬರಹವನ್ನೂ ಮನಸ್ಸಲ್ಲೇ ಅಚ್ಚು ಹಾಕಿದೆ.

ಝಿನಾಯಿದಾ ಅರ್ಕಾದ್ಯೆವ್ನಾ ಕನ್ನಡಕ ಹಣೆಗೇರಿಸಿ ನೋಡಿದರು.
"ತುಯಾನಾ, ಅವತ್ತು ಕೈಗವಸು ತೆಗೆದಿದ್ದೆಯಾ?"

ತೆಗೆದಿದ್ದೆ. ಮುಚ್ಚಳ ತಿರುಗುತ್ತಿರಲಿಲ್ಲ.

"ಇದರ ಗಂಟು ಬಾಲದಿಂದ ಹತ್ತನೆಯದು.
ಇದು ಸರೋವರದ್ದಲ್ಲ, ಮನುಷ್ಯರ ಚರ್ಮದ್ದು. ಚೆಲ್ಲಿಬಿಡು."

ಚೆಲ್ಲಲು ಹೋದೆ.
ನನ್ನಜ್ಜಿ ಮೊಣಕಾಲಿಗೆ ಗೊಲೊಮ್ಯಾಂಕದ ಕೊಬ್ಬು ಉಜ್ಜುತ್ತಿದ್ದಳು,
ಬಿಸಿಲಿಗಿಟ್ಟರೆ ಕರಗಿ ಮುಳ್ಳಷ್ಟೇ ಉಳಿಯುವ ಮೀನು.
ಅದೇ ಕೈಯಲ್ಲಿ ನನ್ನ ಕೆನ್ನೆ ಸವರುತ್ತಿದ್ದಳು; ನಾನು ಮುಖ ಸಿಂಡರಿಸುತ್ತಿದ್ದೆ.
ಆ ಮೀನು ತಿಂದು ಕೊಬ್ಬಿದ್ದೂ
ಈ ಎಳ್ಳಿಗಿಂತ ಸಣ್ಣದನ್ನೇ.
ನನ್ನ ಬೆರಳಲ್ಲಿ ಯಾವುದು ನನ್ನದು,
ಯಾವುದು ಇದರ ಋಣ,
ಯಂತ್ರವನ್ನು ಕೇಳಲಿಲ್ಲ. ಕೇಳಿದ್ದರೆ
ಅದಕ್ಕೂ ನಲವತ್ತೆಂಟು ನಿಮಿಷ ಬೇಕಿತ್ತು.

ಜಿಡ್ಡು ಚೆಲ್ಲಿದೆ. ಗುಡ್ಡಗಳ ಕಾಗದವನ್ನು ಮಡಿಸಿ ಜೇಬಿಗಿಟ್ಟೆ.
ಗೆನ್ನಾದಿ ಬೈಯುತ್ತಲೇ ತೂತಿನ ಹೊಸ ಮಂಜು ಒಡೆದ.
ಕೈಗವಸು ಎಳೆದುಕೊಂಡೆ.
ಒಂದು.
ಎರಡು.