ಕೆಂಪೋ ಹಸಿರೋ

ಕೆಂಪು ದಾರಿ ಉತ್ತರಕ್ಕೆ, ಹಸಿರು ದಾರಿ ದಕ್ಷಿಣಕ್ಕೆ.
ಎರಡೂ ಒಂಬತ್ತೂವರೆಗೆ ಹೊರಟು ಸಂಜೆ ಐದಕ್ಕೆ ವಾಪಸು,
ಊಟ ಸೇರಿದೆ, ನೀರು ಸೇರಿಲ್ಲ.
ಹದಿನೇಳು ವರ್ಷದಿಂದ ಗೊರೆಮೆಯ ಈ ಮೇಜಿನ ಹಿಂದೆ ಕೂತು
ಇದನ್ನೇ ಹೇಳುತ್ತಿದ್ದೇನೆ. ನಿದ್ದೆಯಲ್ಲೂ ಹೇಳುತ್ತೇನಂತೆ.

ಕಪಡೋಕಿಯಕ್ಕೆ ಬಂದವರಿಗೆ ಇರುವುದು ಒಂದೇ ದಿನ.
ಕಲ್ಲಲ್ಲಿ ಕೊರೆದ ಚರ್ಚು ಬೇಕು, ನೆಲದಡಿಯ ಪಟ್ಟಣವೂ ಬೇಕು,
ಎರಡನ್ನೂ ಒಂದೇ ಬಸ್ಸಿಗೆ ತುಂಬಲು ಬರುವುದಿಲ್ಲವೇ ಎಂದು
ಕೊರಿಯಾದ ಹುಡುಗಿ ನಕ್ಷೆಯ ಮೇಲೆ ಬೆರಳಿಟ್ಟು ಕೇಳುತ್ತಾಳೆ.
ನಾನು ಮೊದಲು ಮೊಣಕಾಲು ನೋಡುತ್ತೇನೆ, ಆಮೇಲೆ ಚಪ್ಪಲಿ,
ಆಮೇಲೆ ಜೊತೆಗಿದ್ದವರು ಒಬ್ಬರ ಮುಖ ಒಬ್ಬರು ನೋಡುವ ರೀತಿ.
ಲಿಫ್ಟಿಗೆ ಹೆದರುವವರನ್ನು ಕೆಂಪಿಗೆ ಹಾಕುತ್ತೇನೆ.
ಹೊಸದಾಗಿ ಮದುವೆಯಾದವರನ್ನೂ.
ಮಾತು ಬಿಟ್ಟ ಗಂಡಹೆಂಡತಿಗೆ ಹಸಿರು ಒಳ್ಳೆಯದು,
ಕಣಿವೆಯುದ್ದಕ್ಕೂ ಹೊಳೆಯೇ ಮಾತಾಡಿಕೊಳ್ಳುತ್ತದೆ.

ಗಿರಾಕಿಗಳಿಗೆ ಹೇಳದೆ ಉಳಿಸಿಕೊಂಡದ್ದೂ ಒಂದಿದೆ.
ದೆರಿನ್‌ಕುಯುವಿನ ಆಳದ ತಂಪನ್ನು ಅಷ್ಟೊಂದು ವರ್ಣಿಸುವ ನಾನು
ಎರಡನೆಯ ಅಂತಸ್ತಿಗೂ ಇಳಿದವಳಲ್ಲ.
ಶಾಲೆಯಿಂದ ಕರೆದುಕೊಂಡು ಹೋದಾಗ, ಸುರಂಗ ಸೊಂಟ ಬಗ್ಗಿಸುವಲ್ಲಿ
ಯಾರೋ ದೀಪ ಆರಿಸಿದರು. ಹುಡುಗರ ತಮಾಷೆ.
ಅಷ್ಟೇ. ಆದರೆ ಆ ಕತ್ತಲು ಇನ್ನೂ
ಕಿವಿಯೊಳಗೆಲ್ಲೋ ಇದೆ, ಈಜುವಾಗ ಹೊಕ್ಕ ನೀರಿನ ಹಾಗೆ.

ಮಾರ್ಚ್ ತಿಂಗಳ ಒಂದು ಮಂಗಳವಾರ, ಯಾರೂ ಇಲ್ಲ.
ಅಮ್ಮ ಬಂದಳು. ಊಟ ತಂದಿರಬೇಕು ಅಂದುಕೊಂಡೆ.
ಚೀಲ ತೊಡೆಯ ಮೇಲಿಟ್ಟುಕೊಂಡು ಗಿರಾಕಿಯ ಕುರ್ಚಿಯಲ್ಲಿ ಕೂತು
"ಹೇಳು," ಅಂದಳು, "ಅವರಿಗೆಲ್ಲ ಹೇಳೋ ಹಾಗೇ ಹೇಳು."

ಅಮ್ಮನ ಹೆಸರು ದೊಂದು. ತಿರುಗಿತು ಎಂದರ್ಥ.
ಸಾಲಾಗಿ ನಾಲ್ಕನೆಯ ಹೆಣ್ಣು; ಇನ್ನಾದರೂ ಅದೃಷ್ಟ ತಿರುಗಲೆಂದು ಇಟ್ಟದ್ದು.
ಹುಟ್ಟಿದ್ದು ಝೆಲ್ವೆಯ ಬಂಡೆಯೊಳಗೆ.
ಮೇಲಿನ ಕಲ್ಲು ಬಿರುಕು ಬಿಡತೊಡಗಿದಾಗ ಸರ್ಕಾರ ಊರನ್ನೇ ಎಬ್ಬಿಸಿ
ಬಯಲಿಗೆ ತಂದು ಕೂರಿಸಿತು. ಅವಳಿಗಾಗ ಎಂಟು ವರ್ಷ.
ಪಾರಿವಾಳಗಳು ಉಳಿದವು, ಅವಕ್ಕೆ ನೋಟಿಸು ಬಂದಿರಲಿಲ್ಲ.

ಹೇಳಿದೆ. ಕೆಂಪು ದಾರಿ ಉತ್ತರಕ್ಕೆ...
ಝೆಲ್ವೆ ಬಂದಾಗ ನಾಲಗೆ ತುಸು ತಡವರಿಸಿತು.
"ಎಷ್ಟು ಹೊತ್ತು ನಿಲ್ಲಿಸ್ತಾರೆ?"
ನಲವತ್ತು ನಿಮಿಷ, ಫೋಟೊ ಸೇರಿ.
"ಅಷ್ಟರಲ್ಲಿ ನಮ್ಮಮ್ಮನ ಒಲೆ ಕಾಯುತ್ತಲೇ ಇರಲಿಲ್ಲ.
ಒಳಗೆ ಏನಂತ ತೋರಿಸ್ತಾರೆ?"
ಗೂಡು, ಹೊಗೆ ಹಿಡಿದ ಗೋಡೆ, ದ್ರಾಕ್ಷಿ ತುಳಿಯುವ ತೊಟ್ಟಿ.
"ಆ ತೊಟ್ಟೀಲಿ ನಮ್ಮನ್ನ ಮೀಯಿಸ್ತಿದ್ರು ಅಂತ ಹೇಳ್ತಾರಾ?"
ಇಲ್ಲ. ನನಗೂ ಗೊತ್ತಿರಲಿಲ್ಲ.

ಕೆಂಪು ಚೀಟಿ ಹರಿದು ಕೈಗೆ ಕೊಡಲು ಹೋದೆ,
ಕಣ್ಣಲ್ಲಿ ನೀರು ತಂದುಕೊಳ್ಳಲೂ ಸಿದ್ಧಳಾಗಿದ್ದೆ.
"ಅದ್ಯಾರಿಗೆ?" ಅಂದಳು. "ಹುಟ್ಟಿದ ಮನೆಗೆ ದುಡ್ಡು ಕೊಟ್ಟು ಹೋಗ್ತಾರೇನೆ?
ಹಸಿರು ಕೊಡು. ಎಂಬತ್ತಾಯಿತು, ಆ ಕಡೆ ಏನಿದೆ ಅಂತಲೇ ಗೊತ್ತಿಲ್ಲ."

ಮರುದಿನ ಗೈಡ್ ಓರ್ಚುನ್ ಅವಳ ಕೋಟಿಗೆ ಹಸಿರು ಚುಕ್ಕೆ ಅಂಟಿಸಿದ.
ಬಸ್ಸು ತಿರುವಿನಲ್ಲಿ ಮರೆಯಾಯಿತು.
ದಿನವಿಡೀ ಫೋನನ್ನು ಅಂಗೈಯಲ್ಲೇ ಹಿಡಿದು ಕೂತೆ.

ಐದೂಕಾಲಿಗೆ ಇಳಿದಳು.
ಮೀನು ಒಣಗಿತ್ತಂತೆ. ಹೊಳೆ ಪರವಾಗಿಲ್ಲವಂತೆ.
ನೆಲದಡಿಗೆ ಐದು ಅಂತಸ್ತು,
ಬ್ರೆಜಿಲಿನವನೊಬ್ಬನ ಬೆಲ್ಟು ಹಿಡಿದುಕೊಂಡು.
"ಒಳ್ಳೆ ಕೆಲಸಗಾರರು, ಉಳಿಯ ಗುರುತು ಹಾಗೇ ಇದೆ.
ಬಾಗಿಲಿಗೆ ಬೀಸೋಕಲ್ಲಿನಂಥ ಕಲ್ಲು, ಒಳಗಿಂದ ಮಾತ್ರ ಉರುಳುತ್ತೆ."
ಬೂಟು ಬಿಚ್ಚಿ ದೂಳು ಕೊಡವಿ, ಸ್ವಲ್ಪ ಸುಮ್ಮನಿದ್ದು,
"ಅಲ್ಲಿ ಗಾಳಿ ಬರುತ್ತೆ ಕಣೆ. ಎಲ್ಲಿಂದಲೋ. ಕೆನ್ನೆಗೆ ತಾಗುತ್ತೆ.
ನಿನಗೆ ಯಾರೂ ಹೇಳಲಿಲ್ವಾ?"

ಗಾಳಿಬಾವಿಗಳ ಲೆಕ್ಕ ನನಗೆ ಬಾಯಿಪಾಠ.
ಕೆನ್ನೆಗೆ ತಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಗುರುವಾರ ಬ್ರೆಡ್ಡಿನಂಗಡಿಯ ಸಾಲಲ್ಲಿ ನಿಂತಿದ್ದಳು,
ಅದೇ ಕೋಟು, ಎದೆಯ ಮೇಲೆ ಅದೇ ಹಸಿರು ಚುಕ್ಕೆ.
ಕೀಳಲು ಕೈಚಾಚಿದೆ, ಕೈಗೊಂದು ಏಟು ಬಿತ್ತು.
"ಇರಲಿ ಬಿಡು. ಇನ್ನೂ ಅಂಟಿದೆ."