ನಿಮ್ಮ ಬಗ್ಗೆ ಹೇಳಿ

ಮೊದಲು ಕೇಳುವುದು ಇದನ್ನೇ ಅಂತೆ.
ಫ್ಲಾವಿಯಾ ಬಾಯಿ ಹೇಳಿ ಹೋಗಿದ್ದಾರೆ,
ತನ್ನ ಕಪ್ಪು ಶೂ ಕೊಟ್ಟು,
ತುದಿಗೆ ತುರುಕಲು ಹಳೇ ಪೇಪರನ್ನೂ ಕೊಟ್ಟು.
ಅರ್ಧ ನಗಬೇಕು. ಪೂರ್ತಿ ನಕ್ಕರೆ
ಕೆಲಸ ಸಿಕ್ಕಿಯೇ ಬಿಟ್ಟಿತು ಅಂದುಕೊಂಡ ಹಾಗೆ.

ಅಮ್ಮನನ್ನು ಸಾಹೇಬರು ಮಾಡಿ ಎದುರು ಕೂತೆ.
ಮಡಿಲಲ್ಲಿ ತಡಪೆ, ತಡಪೆಯಲ್ಲಿ ಹೊಗೆಸೊಪ್ಪಿನ ಹುಡಿ,
ನಿನ್ನೆಯೇ ನೆನೆಸಿ ಮಡಚಿಟ್ಟ ಎಲೆ.
ಕೈ ನಿಲ್ಲಿಸುವ ಸಾಹೇಬರಲ್ಲ ಇವರು.
"ಕೇಳಮ್ಮ."
"ಎಂತ ಕೇಳುದು?"
"ನಿಮ್ಮ ಬಗ್ಗೆ ಹೇಳಿ ಅಂತ."
"ನನಗೆ ಗೊತ್ತಿಲ್ಲದ್ದು ನಿನ್ನಲ್ಲಿ ಎಂತ ಉಂಟು ಮಾರಾಯ್ತಿ?"

ಆದರೂ ಕೇಳಿದಳು, ಗಂಟಲು ಸರಿಮಾಡಿ,
ಬೀಡಿ ಬ್ರಾಂಚಿನ ಸೇಸಪ್ಪಣ್ಣನ ಧ್ವನಿಯಲ್ಲಿ.
ಅವಳಿಗೆ ಗೊತ್ತಿರುವ ಸಂದರ್ಶನ ಅದೊಂದೇ:
ಶನಿವಾರ ಮಧ್ಯಾಹ್ನ, ಬೆಂಚಿನ ಆಚೆ ಅವನು,
ಈಚೆ ಸಾಲಿನಲ್ಲಿ ಇವಳು.
ಕಟ್ಟು ಬಿಚ್ಚಿ ಒಂದೊಂದನ್ನೇ ಬೆರಳಲ್ಲಿ ಒತ್ತಿ
ಇದು ಸಪೂರ, ಇದರ ಬಾಯಿ ಸರಿ ಮುಚ್ಚಿಲ್ಲ ಎಂದು
ಬದಿಗೆ ಸರಿಸುತ್ತಾನಲ್ಲ,
ಆಗ ಅವನ ಕೈ ನೋಡಬಾರದು, ಮುಖ ನೋಡಬೇಕು.
ಕೈ ನೋಡಿದರೆ ಇನ್ನೂ ನಾಲ್ಕು ಜಾಸ್ತಿ ಸರಿಸುತ್ತಾನೆ.
ಮೂವತ್ತೊಂದು ವರ್ಷದಲ್ಲಿ ಕಲಿತದ್ದು ಇಷ್ಟೇ
ಎಂದಳು ಅಮ್ಮ, ನೂಲನ್ನು ಹಲ್ಲಿನಲ್ಲಿ ಕಡಿದು.

ಬೆಳಿಗ್ಗೆ ಬಜಾಲಿನ ಬಸ್ಸು.
ಇಸ್ತ್ರಿ ಹಾಳಾದೀತೆಂದು ಸೀಟಿದ್ದರೂ ನಿಂತೇ ಹೋದೆ.
"ರೈಟ್, ಪೋಯಿ" ಎನ್ನುವಷ್ಟರಲ್ಲಿ
ಬಾಯಿಪಾಠದ ಮೂರನೇ ವಾಕ್ಯ
ಪಂಪ್‌ವೆಲ್ಲಿನಲ್ಲಿ ಇಳಿದುಹೋಯಿತು.
ಕಂಕನಾಡಿಗೆ ಮುಟ್ಟುವಾಗ ಉಳಿದದ್ದು
ನನ್ನ ಹೆಸರು, ಊರು ಮತ್ತು ಬಿ.ಕಾಂ.

ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಒಬ್ಬರು ಬೇಕು.
ಬಂದವರು ಹದಿನಾಲ್ಕು.
ಎಲ್ಲರ ತುಟಿಯೂ ಅಲ್ಲಾಡುತ್ತಿತ್ತು
ಶಬ್ದ ತೆಗೆದಿಟ್ಟ ಭಜನೆಯ ಹಾಗೆ.
ಒಬ್ಬಳು ನನ್ನ ಶೂ ನೋಡಿದಳು.
ನಾನು ಅವಳ ಮುಖ ನೋಡಿದೆ.

ಒಳಗೆ ಮೂವರು. ಎಸಿ. ನಡುವಿನ ಮೇಡಂ
ಫೈಲು ತೆರೆದವರು ಮೂಗು ಸ್ವಲ್ಪ ಹಿಂದೆ ತೆಗೆದರು.
"ಇದೇನು ವಾಸನೆ?"
ಫ್ಲಾವಿಯಾ ಬಾಯಿಯ ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ.
ಸರ್ಟಿಫಿಕೇಟಿಗೂ ಹೊಗೆಸೊಪ್ಪಿಗೂ
ನಮ್ಮಲ್ಲಿ ಒಂದೇ ಪೆಟ್ಟಿಗೆ, ಹುಳ ಹತ್ತಿರ ಬರುವುದಿಲ್ಲ –
ಹಾಗೇ ಹೇಳಿದೆ. ಅರ್ಧ ನಗಲು ಮರೆತೆ.
"ಅನುಭವ ಇಲ್ಲ ಅಂತ ಬರೆದಿದ್ದೀರಿ?"
"ಎಂತ?" ಎಂದುಬಿಟ್ಟೆ, ನಾಲಿಗೆ ಕಚ್ಚಿಕೊಂಡೆ.
ಕಚ್ಚಿದ ನಾಲಿಗೆಯೇ ಆಮೇಲೆ ಮಾತಾಡಿತು:
ಆರನೇ ಕ್ಲಾಸಿನಿಂದ ಪಾಸುಬುಕ್ಕು ಬರೆಯುವವಳು ನಾನೇ.
ಇಪ್ಪತ್ತೈದರ ಕಟ್ಟು, ಸಾವಿರಕ್ಕೆ ನಲವತ್ತು,
ಎಲೆ ಸಾಲದೆ ಬಂದದ್ದು, ಸೇಸಪ್ಪಣ್ಣ ಬದಿಗಿಟ್ಟದ್ದು ಕಳೆದು
ಒಂಬತ್ತು ಮನೆಯ ಲೆಕ್ಕ, ಪೆನ್ನಿಲ್ಲದೆ.
ಒಮ್ಮೆ ಅವನದೇ ಕೂಡಿಕೆಯಲ್ಲಿ ತಪ್ಪು ಹಿಡಿದು
ನೂರ ಹದಿನೆಂಟು ರೂಪಾಯಿ ವಾಪಸು ತಂದದ್ದು.
ಇದು ಅನುಭವವೋ ಅಲ್ಲವೋ
ನನಗೆ ಯಾರೂ ಹೇಳಿರಲಿಲ್ಲ ಮೇಡಂ.

ಏನೋ ಬರೆದುಕೊಂಡರು. ಕೈ ನೋಡಲಿಲ್ಲ ನಾನು.

"ತಿಳಿಸುತ್ತೇವೆ" ಎಂದರು.
ಎದ್ದು ಹೊರಟರೆ ಎಡಗಾಲಿನ ಶೂ
ಕುರ್ಚಿಯ ಕೆಳಗೇ ಉಳಿಯಿತು,
ಪೇಪರಿನ ಉಂಡೆ ಉರುಳಿ ಮೇಜಿನವರೆಗೆ ಹೋಯಿತು.
ಬಗ್ಗಿ ಹೆಕ್ಕಿದೆ. ಪೂರ್ತಿ ನಕ್ಕೆ.
ಮೂವರಲ್ಲಿ ಇಬ್ಬರು ನಕ್ಕರು.

ಸಂಜೆ ಅಮ್ಮ, "ಎಂತ ಕೇಳಿದರು?"
ಎಲ್ಲ ಹೇಳಿದೆ, ಶೂ ಒಂದು ಬಿಟ್ಟು.
ಆಮೇಲೆ ಸುಮ್ಮನೆ, ಗಂಟಲು ಸರಿಮಾಡಿ,
"ವಾರಿಜಕ್ಕ, ನಿಮ್ಮ ಬಗ್ಗೆ ಹೇಳಿ" ಎಂದೆ.

ಕತ್ತರಿ ನಿಂತಿತು.
ಅಳತೆಯ ತಗಡು ಎಲೆಯ ಮೇಲೆ ಹಾಗೇ.
ಹೊರಗೆ ಯಾರದೋ ಸ್ಕೂಟರು ಏರು ಹತ್ತಲಾಗದೆ ಗೊಣಗಿತು.
ನಾನು ಅವಳ ಕೈಯನ್ನೇ ನೋಡುತ್ತಿದ್ದೆ,
ನೋಡಬಾರದೆಂದು ಅವಳೇ ಕಲಿಸಿದ್ದರೂ.
"ನನ್ನದು ಎಂತ ಉಂಟು, ಆ ಕೆಂಪು ನೂಲು ಕೊಡು."
ಕೊಟ್ಟೆ.
ಎರಡು ಬೀಡಿ ಸುತ್ತಿದಳು, ಮೂರು ಸುತ್ತಿದಳು.
ನಾಲ್ಕನೆಯದರ ಬಾಯಿ ಮುಚ್ಚುತ್ತಾ
"ಕಬಡ್ಡಿಯಲ್ಲಿ ನಾನು ಪುತ್ತೂರಿನವರೆಗೆ ಹೋಗಿದ್ದೆ,
ಗೊತ್ತುಂಟಾ ನಿನಗೆ?" ಎಂದಳು.